ಬಾವಿಯ ಉಸಿರು, ಸಿಲಿಂಡರಿನ ಉಸಿರು

ಮಳೆಗಾಲ ಕಳೆದು ಕಡಲು ತಿಳಿಯಾಗುತ್ತಿದ್ದಂತೆ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಬೋಟುಗಳು ಹೊರಡತೊಡಗುತ್ತವೆ. ಅದರೊಂದಿಗೆ ನಾನು ಪ್ರತಿ ವರ್ಷವೂ ಕೇಳುವ ಮಾತೊಂದು ಮತ್ತೆ ಶುರುವಾಗುತ್ತದೆ: ‘ಸರ್, ನನ್ನ ಚಿಂತೆ ಬಿಡಿ, ನಾನು ಎರಡು ನಿಮಿಷ ಉಸಿರು ಕಟ್ಟಬಲ್ಲೆ.’ ಹೀಗೆ ಹೇಳುವವರು ಹೆಚ್ಚಾಗಿ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಊರ ಬಾವಿಯಲ್ಲಿ ಈಜು ಕಲಿತವರು, ತಳದಲ್ಲಿ ಬಿದ್ದ ಬಿಂದಿಗೆಯನ್ನು ಮುಳುಗಿ ಎತ್ತಿ ತಂದವರು. ಈಚೆಗೆ ಪ್ರಾಣಾಯಾಮದಲ್ಲಿ ಕುಂಭಕ ಸಾಧಿಸಿದವರೂ ಈ ಸಾಲಿಗೆ ಸೇರಿದ್ದಾರೆ. ಅವರ ಈಜಿನ ಬಗ್ಗೆ ನನಗೆ ನಿಜವಾದ ಗೌರವವಿದೆ. ಆದರೂ ತರಬೇತುದಾರನಾದ ನನಗೆ ಅತಿ ಹೆಚ್ಚು ಆತಂಕ ತರುವ ಮಾತು ಇದೇ.

ಮಾಸ್ಕಿನೊಳಗೆ ನೀರು ಬಂದರೆ ಏನು ಮಾಡಬೇಕು, ಕಿವಿಯ ಒತ್ತಡವನ್ನು ನೋವು ಬರುವ ಮೊದಲೇ ಹೇಗೆ ಸರಿದೂಗಿಸಬೇಕು ಎಂಬುದನ್ನೆಲ್ಲ ನೀರಿಗಿಳಿಯುವ ಮುನ್ನ ಹೇಳಿಕೊಡುತ್ತೇವೆ, ಜನ ಕಲಿತೂಬಿಡುತ್ತಾರೆ. ಸಿಲಿಂಡರಿನ ಗಾಳಿ ಉಸಿರಾಡುವಾಗ ಎಂದೂ ಉಸಿರು ಕಟ್ಟಬಾರದು ಎಂಬ ಮಾತು ಮಾತ್ರ ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿಯುವುದಿಲ್ಲ.

ಬಾವಿಯಲ್ಲಿ ಮುಳುಗುವವನು ನೀರಿನ ಮೇಲೆ ಎಳೆದುಕೊಂಡ ಗಾಳಿಯನ್ನೇ ಹೊತ್ತು ಇಳಿಯುತ್ತಾನೆ. ಅವನ ಶ್ವಾಸಕೋಶದಲ್ಲಿ 6 ಲೀಟರ್ ಗಾಳಿಯಿದ್ದರೆ, 10 ಮೀಟರ್ ಆಳದಲ್ಲಿ ಒತ್ತಡ ಇಮ್ಮಡಿಯಾಗುವುದರಿಂದ ಅದು 3 ಲೀಟರಿಗೆ ಕುಗ್ಗುತ್ತದೆ, ಮೇಲೆ ಬಂದಾಗ ಮತ್ತೆ 6 ಆಗುತ್ತದೆ; ಇಳಿಯುವಾಗ ಇದ್ದುದಕ್ಕಿಂತ ಹೆಚ್ಚಾಗುವ ಮಾತೇ ಇಲ್ಲ. ಸಿಲಿಂಡರ್ ಹೊತ್ತವನ ಲೆಕ್ಕ ಬೇರೆ. ಬಾಯಲ್ಲಿರುವ ರೆಗ್ಯುಲೇಟರ್ ಸುತ್ತಲಿನ ನೀರಿನ ಒತ್ತಡಕ್ಕೆ ಸಮನಾದ ಒತ್ತಡದಲ್ಲಿ ಗಾಳಿ ಕೊಡುತ್ತದೆ, ಇಲ್ಲವಾದರೆ ಆ ಆಳದಲ್ಲಿ ಉಸಿರೆಳೆಯಲು ಎದೆಗೆ ಬಲ ಸಾಲದು. ಹಾಗಾಗಿ 10 ಮೀಟರಿನಲ್ಲಿ ಎದೆ ತುಂಬ ಎಳೆದ 6 ಲೀಟರಿನಲ್ಲಿ ಮೇಲ್ಮೈಯ 12 ಲೀಟರಿನಷ್ಟು ಗಾಳಿ ಅಡಗಿರುತ್ತದೆ. ಉಸಿರು ಬಿಗಿಹಿಡಿದು ಮೇಲೇರಿದರೆ ಆ ಹೆಚ್ಚುವರಿ ಗಾಳಿಗೆ ಹೊರಹೋಗಲು ದಾರಿಯಿರುವುದಿಲ್ಲ. ಒತ್ತಡ ಇಳಿದಷ್ಟೂ ಗಾಳಿ ಹಿಗ್ಗುತ್ತದೆಂಬ, ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮವನ್ನು ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಅದು ತಮ್ಮ ಎದೆಗೂ ಅನ್ವಯಿಸುತ್ತದೆಂದು ನೆನೆಯುವವರು ಕಡಿಮೆ.

‘ಆಳಕ್ಕೆ ಹೋದರೆ ತಾನೇ ಅಪಾಯ?’ ಎಂಬುದು ಮುಂದಿನ ಪ್ರಶ್ನೆ. 30 ಮೀಟರಿನಿಂದ 20ಕ್ಕೆ ಏರುವಾಗ ಗಾಳಿ ಹಿಗ್ಗುವುದು ಮೂರನೇ ಒಂದರಷ್ಟು. 10ರಿಂದ ಮೇಲ್ಮೈಗೆ ಬರುವಾಗಲಾದರೋ ಅದು ಎರಡರಷ್ಟಾಗುತ್ತದೆ. ಪೂರ್ತಿ ತುಂಬಿದ ಶ್ವಾಸಕೋಶಕ್ಕೆ ಒಂದೂವರೆ ಮೀಟರಿನಷ್ಟು ಏರುವಿಕೆಯೂ ಹಾನಿ ಮಾಡಬಲ್ಲದು, ಆದ್ದರಿಂದಲೇ ಈಜುಕೊಳದ ಅಭ್ಯಾಸದಲ್ಲೂ ಉಸಿರು ಕಟ್ಟಬಾರದೆಂಬುದನ್ನು ನಾವು ಸಡಿಲಿಸುವುದಿಲ್ಲ. ಕಿವಿಯಾದರೆ ನೋವಿನಿಂದ ಎಚ್ಚರಿಸುತ್ತದೆ. ಶ್ವಾಸಕೋಶದ ಒಳ ಅಂಗಾಂಶಕ್ಕೆ ಹಾಗೆ ನೋಯುವ ಗುಣವಿಲ್ಲ, ಹಿಗ್ಗಿ ಹರಿಯುವವರೆಗೂ ಅದು ಸುಮ್ಮನಿರಬಹುದು. ಹರಿದರೆ ಗಾಳಿಯ ಗುಳ್ಳೆಗಳು ರಕ್ತಕ್ಕೆ ಸೇರಿ, ಹೃದಯದ ಮೂಲಕ ಮಿದುಳು ತಲುಪಿ, ಮೇಲೆ ಬಂದ ಕೆಲವೇ ನಿಮಿಷಗಳಲ್ಲಿ ಪಾರ್ಶ್ವವಾಯುವಿನಂತೆ ಮನುಷ್ಯನನ್ನು ಕೆಡವಬಲ್ಲವು. ಆಗ ಅಂಗಾತ ಮಲಗಿಸಿ ಶುದ್ಧ ಆಮ್ಲಜನಕ ಕೊಡುತ್ತ, ಅಧಿಕ ಒತ್ತಡದ ಚಿಕಿತ್ಸಾ ಕೊಠಡಿಯಿರುವ ಆಸ್ಪತ್ರೆಗೆ ಸಾಗಿಸಬೇಕಾಗುತ್ತದೆ. ಇದು ಅಪರೂಪವೆಂಬುದನ್ನೂ ಹೇಳಬೇಕು. ಆಸ್ತಮಾ ಇರುವವರಲ್ಲಿ ಉಸಿರು ಬಿಡುತ್ತಿದ್ದರೂ ಗಾಳಿ ಒಳಗೇ ಸಿಕ್ಕಿಕೊಳ್ಳುವ ಸಾಧ್ಯತೆಯಿದೆ. ನಾನು ವೈದ್ಯನಲ್ಲ, ಅಂಥವರು ವೈದ್ಯರ ಒಪ್ಪಿಗೆ ಪಡೆದೇ ಬರಬೇಕು, ಅರ್ಜಿಯಲ್ಲಿ ಅದನ್ನು ಮುಚ್ಚಿಡಬಾರದು.

ಶಿರಸಿಯಿಂದ ಬಂದಿದ್ದ, ಈಜೇ ಬಾರದ ಹಿರಿಯ ಹೆಂಗಸೊಬ್ಬರು ಮೊದಲ ಡೈವ್ ಮುಗಿಸಿ ಬೋಟು ಹತ್ತಿದಾಗ, ಹೆದರಿಕೆಯಾಯಿತೇ ಎಂದು ಕೇಳಿದ್ದೆ. ‘ಉಸಿರಾಡ್ತಾ ಇರಿ ಅಂದ್ರಲ್ಲ ತಮ್ಮಾ, ಅದನ್ನೇ ಮಾಡ್ತಾ ಇದ್ದೆ’ ಎಂದರು. ಮರೆಯಬೇಕಾದ ಹಳೆಯ ಅಭ್ಯಾಸ ಅವರಿಗೆ ಇರಲಿಲ್ಲ.

ಗದಗದ ಕಡೆಯ ಯುವಕನೊಬ್ಬನಿಗೆ ಅದು ಇತ್ತು. 6 ಮೀಟರಿನಲ್ಲಿದ್ದಾಗ ತಲೆಯ ಮೇಲೆ ಕಡಲಾಮೆಯೊಂದು ಹಾದುಹೋಯಿತು; ಗುಳ್ಳೆಗಳ ಸದ್ದಿಗೆ ಅದು ಬೆದರಬಾರದೆಂದು ಅವನು ಉಸಿರು ನಿಲ್ಲಿಸಿ, ಕಾಲು ಬಡಿದು ಅದರತ್ತ ಏರತೊಡಗಿದ. ನಾವು ನೀರಿನಡಿ ಸದಾ ಗಮನಿಸುವುದು ಗುಳ್ಳೆಗಳನ್ನೇ. ಅವು ನಿಂತದ್ದು ಕಂಡೊಡನೆ ಅವನ ಜಾಕೆಟ್ ಹಿಡಿದು ನಿಲ್ಲಿಸಿ, ಉಸಿರು ಬಿಡುವಂತೆ ಕೈಸನ್ನೆ ಮಾಡಿದೆ. ಎರಡನೆಯ ಸನ್ನೆಗೆ ಬಿಟ್ಟ. ಬೋಟಿನಲ್ಲಿ ನಾನು ಗಟ್ಟಿಯಾಗಿಯೇ ಗದರಿದೆ. ಅವನು ತಲೆ ತಗ್ಗಿಸಿ, ‘ಅದು ಓಡಿ ಹೋಗ್ತದ ಅಂತ ಮಾಡಿದ್ದೆ ಸರ್’ ಎಂದ. ಆ ಮಾತು ಕೇಳಿದ ಮೇಲೆ ನನಗೆ ಸಿಟ್ಟು ಉಳಿಯಲಿಲ್ಲ. ಒಂದು ತಾಸಿನ ನಂತರ ಎರಡನೆಯ ಡೈವಿಗೆ ಅವನನ್ನು ನನ್ನ ಪಕ್ಕದಲ್ಲೇ ಕರೆದೊಯ್ದೆ. ಆಮೆ ಮತ್ತೆ ಕಾಣಿಸಲಿಲ್ಲ. ಅವನ ಗುಳ್ಳೆಗಳು ಮಾತ್ರ ಮೇಲ್ಮೈ ಮುಟ್ಟುವವರೆಗೂ ನಿಲ್ಲದೆ ಏಳುತ್ತಿದ್ದವು.