ಪಾರ್ಕಿನ್ಸನ್: ನಡುಕ ಬಿಟ್ಟು ಉಳಿದ ಲಕ್ಷಣಗಳು

ಪಾರ್ಕಿನ್ಸನ್ ಕಾಯಿಲೆ ಅಂದ ಕೂಡಲೇ ನಾವೆಲ್ಲ ನಡುಕ, ಬಿಗಿತ, ನಿಧಾನ ಎಂದು ಬರೆದು, ಉಳಿದದ್ದನ್ನು ಕೊನೆಯ ಒಂದು ಸಾಲಿಗೆ ತಳ್ಳಿಬಿಡುತ್ತೇವೆ. ಆದರೆ ಎಷ್ಟೋ ಜನರಲ್ಲಿ ಆ ಉಳಿದದ್ದೇ ವರ್ಷಗಳ ಮೊದಲು ಬಂದಿರುತ್ತದೆ. 1817ರಲ್ಲಿ ಈ ಕಾಯಿಲೆಯ ಬಗ್ಗೆ ಬರೆದ ಜೇಮ್ಸ್ ಪಾರ್ಕಿನ್ಸನ್ ಕೂಡ ಮಲಬದ್ಧತೆ, ನಿದ್ದೆಗೇಡು ಎರಡನ್ನೂ ಗಮನಿಸಿದ್ದರು. ಬುದ್ಧಿಗೆ ಏನೂ ಆಗುವುದಿಲ್ಲ ಎಂದದ್ದು ಮಾತ್ರ ತಪ್ಪಾಯಿತು.

ಯಾಕೆ ಮೊದಲೇ ಬರುತ್ತವೆ? ಈ ಕಾಯಿಲೆಯಲ್ಲಿ ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೋಟೀನ್ ನರಕೋಶಗಳೊಳಗೆ ಗಂಟು ಕಟ್ಟುತ್ತದೆ. 2003ರಲ್ಲಿ ಜರ್ಮನಿಯ ಹೈಕೊ ಬ್ರಾಕ್ ಮತ್ತು ಸಂಗಡಿಗರು ಈ ಗಂಟುಗಳು ಹರಡುವ ಕ್ರಮವೊಂದನ್ನು ಮುಂದಿಟ್ಟರು. ಮೊದಲು ವಾಸನೆ ಗ್ರಹಿಸುವ ಭಾಗ, ಜೊತೆಗೆ ಕರುಳಿಗೆ ಹೋಗುವ ವೇಗಸ್ ನರ ಹೊರಡುವ ಜಾಗ. ಚಲನೆಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕ ತಯಾರಿಸುವ ಕೋಶಗಳ ಸರದಿ ಆಮೇಲೆ. ಎಲ್ಲ ರೋಗಿಗಳಿಗೂ ಇದು ಹೊಂದುವುದಿಲ್ಲ, ಆದರೂ ನೆನಪಿಟ್ಟುಕೊಳ್ಳಲು ಸಲೀಸು. ಒಗ್ಗರಣೆ ಸೀದರೂ ಮೂಗಿಗೆ ಗೊತ್ತಾಗಲ್ಲ, ಹೊಟ್ಟೆ ಸರಿಯಾಗಿ ಹೋಗಲ್ಲ, ಕೈ ಇನ್ನೂ ನೆಟ್ಟಗಿದೆ.

ನಿದ್ದೆಯದ್ದು ಇನ್ನೂ ವಿಚಿತ್ರ. ಕನಸು ಬೀಳುವ ರೆಮ್ ನಿದ್ದೆಯಲ್ಲಿ ನಮ್ಮ ಕೈಕಾಲು ಸಡಿಲವಾಗಿ ಬಿದ್ದಿರಬೇಕು. ಇಲ್ಲಿ ಆ ಬೀಗ ಕಳಚಿರುತ್ತದೆ. ಕನಸಿನಲ್ಲಿ ನಾಯಿ ಅಟ್ಟಿಸಿಕೊಂಡು ಬಂದರೆ ಮನುಷ್ಯ ನಿಜವಾಗಿಯೂ ಒದೆಯುತ್ತಾನೆ, ಕೂಗುತ್ತಾನೆ. ಒದೆ ತಿಂದವರಿಗೇ ಇದು ಗೊತ್ತು, ಅಲ್ವಾ? ಅದಕ್ಕೇ ಪಕ್ಕದಲ್ಲಿ ಮಲಗುವವರನ್ನು ಕೇಳಬೇಕು.

ಎದ್ದು ನಿಂತಾಗ ಬಿಪಿ ಕುಸಿಯುವುದು ಇನ್ನೊಂದು ಲಕ್ಷಣ. ಬಿಪಿ ನೋಡುವಾಗ ಸುಮ್ನೆ ಕೂರಿಸಿ ಒಂದು ಸಲ ನೋಡಿದರೆ ಸಾಲದು. ಐದು ನಿಮಿಷ ಮಲಗಿಸಿ ನೋಡಿ. ಎದ್ದು ನಿಂತ ಮೇಲೆ ಒಂದನೇ ಮತ್ತು ಮೂರನೇ ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದು ಲೆಕ್ಕಕ್ಕೆ ಬರುತ್ತದೆ. ಮಲಗಿದ್ದಾಗ 140/84, ನಿಂತಾಗ 114/76 ಎಂದಿಟ್ಟುಕೊಳ್ಳಿ. ಕೆಳಗಿನದು 8 ಮಾತ್ರ ಇಳಿದಿದೆ, ಆದರೆ ಮೇಲಿನದು 26. ಅಷ್ಟೇ ಸಾಕು. ನಿಂತಾಗ ರಕ್ತನಾಳಗಳನ್ನು ಬಿಗಿ ಮಾಡುವ ನರಗಳು ಸೋತಿವೆ. ಡೋಪಮಿನ್ ಕೊರತೆ ತುಂಬಲು ಕೊಡುವ ಲೆವೊಡೋಪಾ, ಬಿಪಿ ಮಾತ್ರೆಗಳು ಇದನ್ನು ಜಾಸ್ತಿ ಮಾಡಬಹುದು. "ತಲೆಸುತ್ತು" ಎಂಬ ದೂರಿನ ಹಿಂದೆ ಇದೇ ಇರಬಹುದು.

ಮನಸ್ಸಿನ ವಿಷಯದಲ್ಲಿ ನಾವು ಎರಡೂ ಕಡೆ ಎಡವುತ್ತೇವೆ. ಮುಖದ ಸ್ನಾಯು ಬಿಗಿದು ನಗು ಬಾರದಿದ್ದರೆ ಖಿನ್ನತೆ ಅಂದುಕೊಳ್ಳುತ್ತೇವೆ. ನಿಜವಾದ ಖಿನ್ನತೆ ಇದ್ದಾಗ "ಕಾಯಿಲೆ ಬಂದಿದೆ, ಬೇಜಾರು ಸಹಜ" ಎಂದು ಬಿಟ್ಟುಬಿಡುತ್ತೇವೆ. ಖಿನ್ನತೆ, ಆತಂಕ ಈ ಕಾಯಿಲೆಯ ಭಾಗವೇ ಆಗಿರಬಹುದು. ಕೆಲವರಿಗೆ ಪಾರ್ಕಿನ್ಸನ್ ಮಾತ್ರೆಯ ಪ್ರಭಾವ ಇಳಿಯುವ ಹೊತ್ತಿಗೇ ಆತಂಕ ಏರುತ್ತದೆ. ಆದ್ದರಿಂದ ಗಂಟೆಯನ್ನೂ ಬರೆದಿಡಿ. ಇಲ್ಲದವರು ಕಣ್ಣಿಗೆ ಕಾಣುವ ಭ್ರಮೆ ಇದ್ದರೆ ಒಂದು ಎಚ್ಚರ: ಭ್ರಮೆಗೆ ಕೊಡುವ ಹ್ಯಾಲೊಪೆರಿಡಾಲ್ ಎಂಬ ಔಷಧಿ ಕೊಟ್ಟರೆ ಬಿಗಿತ ಏರುತ್ತದೆ.

ಡೋಪಮಿನ್‌ನಂತೆ ಕೆಲಸ ಮಾಡುವ ಪಾರ್ಕಿನ್ಸನ್ ಮಾತ್ರೆಗಳಾದ ಪ್ರಮಿಪೆಕ್ಸೋಲ್, ರೋಪಿನಿರೋಲ್ ತೆಗೆದುಕೊಳ್ಳುವ ಕೆಲವರಿಗೆ ಜೂಜು, ಖರೀದಿ, ತಿನ್ನುವುದು, ಕಾಮ ಯಾವುದರಲ್ಲೂ ಹಿಡಿತ ತಪ್ಪಬಹುದು. ಇದು ಸ್ವಭಾವವಲ್ಲ, ಮಾತ್ರೆಯ ಅಡ್ಡ ಪರಿಣಾಮ. ಮೊಬೈಲ್ ರಮ್ಮಿಯಲ್ಲಿ ದುಡ್ಡು ಕಳೆದವರು ಮಕ್ಕಳ ಎದುರು ಬಾಯಿ ಬಿಡುವುದಿಲ್ಲ. ಅವರನ್ನು ಒಬ್ಬರೇ ಇದ್ದಾಗ ಕೇಳಿ, ಮನೆಯವರನ್ನು ಬೇರೆಯಾಗಿ ಕೇಳಿ. ಹೌದು ಎಂದರೂ ಮಾತ್ರೆಯನ್ನು ಅವರಾಗಿಯೇ ನಿಲ್ಲಿಸದಂತೆ ಹೇಳಿ, ಡಾಕ್ಟರಿಗೆ ಅದೇ ದಿನ ತಿಳಿಸಿ.