ಚಿತ್ರವನ್ನು ನೆನಪಿಟ್ಟುಕೊಳ್ಳದ ಅಟಾರಿ

1977ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಅಟಾರಿ ಆಟದ ಪೆಟ್ಟಿಗೆಯೊಳಗೆ ಇದ್ದ ತಾತ್ಕಾಲಿಕ ಮೆಮೊರಿಯಾದ ರ‍್ಯಾಮ್ ಬರೀ 128 ಬೈಟ್. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಕೂಡಿಡುವ ಇವತ್ತಿನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. ನೀವು ಈಗಷ್ಟೇ ಓದಿದ ಮೊದಲ ವಾಕ್ಯ ಕೂಡ ಆ 128 ಬೈಟಿನಲ್ಲಿ ಹಿಡಿಸುತ್ತಿರಲಿಲ್ಲ.

ಹಾಗಾದರೆ ಟಿವಿಯ ಮೇಲೆ ಅಷ್ಟು ದೊಡ್ಡ ಚಿತ್ರ ಬರುತ್ತಿದ್ದದ್ದು ಹೇಗೆ? ಅಡ್ಡಕ್ಕೆ 160, ಉದ್ದಕ್ಕೆ 192 ಚುಕ್ಕಿಗಳ ಚಿತ್ರವನ್ನು ಬರೀ ಕಪ್ಪು–ಬಿಳುಪಿನಲ್ಲಿ ಕೂಡಿಡಬೇಕೆಂದರೂ ಚುಕ್ಕಿಗೊಂದು ಬಿಟ್, ಎಂಟು ಬಿಟ್ಟಿಗೊಂದು ಬೈಟ್ ಎಂಬ ಲೆಕ್ಕದಲ್ಲಿ 3,840 ಬೈಟ್ ಬೇಕು, ಅಂದರೆ ಇದ್ದುದರ ಮೂವತ್ತು ಪಟ್ಟು. ಆಗ ಮೆಮೊರಿ ತುಂಬಾ ದುಬಾರಿ. ಹಾಗಾಗಿ ಅಟಾರಿಯ ಎಂಜಿನಿಯರುಗಳು ಚಿತ್ರವನ್ನು ಕೂಡಿಡುವ ಯೋಚನೆಯನ್ನೇ ಕೈಬಿಟ್ಟರು.

ಹಳೆಯ ಪಿಕ್ಚರ್ ಟ್ಯೂಬಿನ ಟಿವಿಯಲ್ಲಿ ಎಲೆಕ್ಟ್ರಾನ್ ಕಿರಣವೊಂದು ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ಗೆರೆ ಗೆರೆಯಾಗಿ ಓಡುತ್ತದೆ. ಅಮೆರಿಕದ ಟಿವಿಗೆ ಅಟಾರಿ ಕಳಿಸುತ್ತಿದ್ದ ಒಂದು ಚಿತ್ರಕ್ಕೆ 262 ಗೆರೆ. ಸೆಕೆಂಡಿಗೆ ಸುಮಾರು 60 ಚಿತ್ರ. ಮಗ್ಗದ ಮೇಲೆ ಎಳೆ ಎಳೆಯಾಗಿ ಬಟ್ಟೆ ಮೂಡುವ ಹಾಗೆ. ಜೇ ಮೈನರ್ ಮುಂದಾಳುತನದಲ್ಲಿ ರೂಪುಗೊಂಡ, ಟಿವಿಗೆ ಚಿತ್ರ ಕಳಿಸುವ ಟಿಐಎ ಎಂಬ ಚಿಪ್‌ಗೆ ಗೊತ್ತಿದ್ದದ್ದು ಸದ್ಯದ ಎಳೆ ಮಾತ್ರ. ಹಿನ್ನೆಲೆಗೆ 20 ಬಿಟ್, ಇಬ್ಬರು ಆಟಗಾರರ ಎರಡು ಆಕೃತಿ, ಎರಡು ಗುಂಡು, ಒಂದು ಚೆಂಡು, ಇಷ್ಟೇ ಅದರ ಸಾಮಗ್ರಿ. ಆ 20 ಬಿಟ್ ಕೂಡ ಅರ್ಧ ಪರದೆಗಷ್ಟೇ ಸಾಕು. ಉಳಿದರ್ಧದಲ್ಲಿ ಅದೇ ಮರುಕಳಿಸುತ್ತದೆ, ಇಲ್ಲವೇ ಕನ್ನಡಿಯ ಬಿಂಬದಂತೆ ತಿರುವುಮುರುವಾಗುತ್ತದೆ.

ಮಿಕ್ಕಿದ್ದೆಲ್ಲ ಪ್ರೋಗ್ರಾಮ್ ಬರೆಯುವವರ ಹೊಣೆ. ಒಂದು ಗೆರೆ ಮುಗಿಯುವಷ್ಟರಲ್ಲಿ 6507 ಪ್ರೊಸೆಸರ್‌ಗೆ ಸಿಗುತ್ತಿದ್ದದ್ದು 76 ಸೈಕಲ್, ಅಂದರೆ ಅದರ ಗಡಿಯಾರದ 76 ಮಿಡಿತ. ತೀರಾ ಸಣ್ಣ ಆದೇಶಕ್ಕೂ ಎರಡು ಸೈಕಲ್ ಖರ್ಚು. ಅಷ್ಟರೊಳಗೆ ಬಣ್ಣ, ಆಕೃತಿ, ಹಿನ್ನೆಲೆ ಎಲ್ಲವನ್ನೂ ಹೊಂದಿಸಬೇಕು. ಪರದೆಯ ಎಡ–ಬಲ ಬೇರೆ ಬೇರೆ ಕಾಣಬೇಕಿದ್ದರೆ, ಕಿರಣ ನಡುವೆ ಓಡುತ್ತಿರುವಾಗಲೇ ಹಿನ್ನೆಲೆಯ ಬಿಟ್‌ಗಳನ್ನು ಬದಲಿಸಬೇಕು. ತುಸು ತಡವಾದರೆ ಗೋಡೆಯ ತುಂಡು ಇನ್ನೆಲ್ಲೋ ಮೂಡುತ್ತದೆ. ಅಂಕ ಲೆಕ್ಕ ಹಾಕುವುದು, ಜಾಯ್‌ಸ್ಟಿಕ್ ನೋಡುವುದು, ಇವೆಲ್ಲ ಹೆಚ್ಚಾಗಿ ಪರದೆಯ ಆಚೆಗೆ ಉಳಿಯುವ 70 ಗೆರೆಗಳ ಬಿಡುವಿನಲ್ಲಿ.

1979ರ ಚೆಸ್ ಆಟದಲ್ಲಿ ಈ ಇಕ್ಕಟ್ಟು ಕಣ್ಣಿಗೇ ಕಾಣುತ್ತದೆ. ಯಂತ್ರ ತನ್ನ ನಡೆ ಯೋಚಿಸಲು ಕೂತರೆ ಚಿತ್ರ ಬಿಡಿಸಲು ಪುರಸೊತ್ತೇ ಇಲ್ಲ. ಅಷ್ಟು ಹೊತ್ತೂ ಮಣೆ ಮಾಯವಾಗಿ, ಪರದೆಯ ಮೇಲೆ ಬಣ್ಣಗಳು ಮಿನುಗುತ್ತವೆ.

ನನ್ನನ್ನು ಎಲ್ಲಕ್ಕಿಂತ ಬೆರಗುಗೊಳಿಸಿದ್ದು 1982ರ ಪಿಟ್‌ಫಾಲ್. ಅದನ್ನು ಬರೆದ ಡೇವಿಡ್ ಕ್ರೇನ್, ಅಟಾರಿ ಬಿಟ್ಟು ಬಂದು ಆ್ಯಕ್ಟಿವಿಷನ್ ಕಂಪನಿ ಕಟ್ಟಿದವರಲ್ಲಿ ಒಬ್ಬರು. ಕಾಡಿನೊಳಗೆ ಓಡುವ ಈ ಆಟದಲ್ಲಿ 255 ದೃಶ್ಯಗಳಿವೆ. ಇಡೀ ಆಟ ಮಾತ್ರ ಯಂತ್ರಕ್ಕೆ ಸಿಕ್ಕಿಸುವ 4 ಕಿಲೋಬೈಟ್ ಕಾರ್ಟ್ರಿಜ್‌ನಲ್ಲಿದೆ. ಆ ದೃಶ್ಯಗಳ ಪಟ್ಟಿ ಎಲ್ಲೂ ಇಲ್ಲ. ಇರುವುದು ಒಂದೇ ಒಂದು ಬೈಟ್. ಅದರ ಕೆಲವು ಬಿಟ್‌ಗಳು ಮರಗಳು ಹೇಗಿರಬೇಕೆಂದು ಹೇಳಿದರೆ, ಇನ್ನು ಕೆಲವು ಹೊಂಡವೋ ಮೊಸಳೆಯೋ ಎಂದು ತೀರ್ಮಾನಿಸುತ್ತವೆ. ಆಟಗಾರ ಬಲಕ್ಕೆ ದಾಟಿದರೆ ಬಿಟ್‌ಗಳು ಒಂದು ಮನೆ ಸರಿದು, ಖಾಲಿಯಾದ ಜಾಗಕ್ಕೆ ಮೊದಲಿದ್ದ ಬಿಟ್ಟುಗಳಿಂದಲೇ ಲೆಕ್ಕ ಹಾಕಿದ ಹೊಸ ಬಿಟ್ ಬಂದು ಕೂರುತ್ತದೆ. ಹೀಗೆ 255 ಹೆಜ್ಜೆ ನಡೆದ ಮೇಲೆ ಮೊದಲಿನ ಸಂಖ್ಯೆಗೇ ಬಂದು ಮುಟ್ಟುತ್ತದೆ. ಎಡಕ್ಕೆ ತಿರುಗಿ ಓಡಿದರೆ ಅದೇ ಲೆಕ್ಕ ಹಿಂದುಮುಂದಾಗಿ ನಡೆಯುತ್ತದೆ. ಬಿಟ್ಟು ಬಂದ ಮರ, ಬಿಟ್ಟು ಬಂದ ಹೊಂಡ, ಎಲ್ಲಿತ್ತೋ ಅಲ್ಲೇ ಸಿಗುತ್ತವೆ.