ರೀಫ್ ಟ್ಯಾಂಕಿನ ಪಾಚಿ: ಕೀಳುವ ಮೊದಲು ಯಾವುದು ಅಂತ ನೋಡಿ

ಕಳೆದ ಚಳಿಗಾಲದಲ್ಲಿ ಅಮ್ಮ ವಿಡಿಯೋ ಕಾಲ್‌ನಲ್ಲಿ ನನ್ನ ರೀಫ್ ಟ್ಯಾಂಕ್ (ಹವಳ ಸಾಕುವ ಅಕ್ವೇರಿಯಂ) ನೋಡಿ, "ಏನೋ ಇದು, ಹಿತ್ತಲ ಬಾವಿಕಟ್ಟೆ ಥರ ಇದೆಯಲ್ಲೋ. ಒಂಚೂರು ಸುಣ್ಣ ಹಾಕು" ಅಂದಳು. ನಕ್ಕುಬಿಟ್ಟೆ. ನಗಬಾರದಿತ್ತು ಅಂತ ಆಮೇಲೆ ಗೊತ್ತಾಯಿತು. ಸುಣ್ಣದ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ನಾನಿರುವುದು ನ್ಯೂಜೆರ್ಸಿಯಲ್ಲಿ. ನನ್ನದು 40 ಗ್ಯಾಲನ್, ಅಂದರೆ ಸುಮಾರು 150 ಲೀಟರಿನ ಉಪ್ಪುನೀರಿನ ಟ್ಯಾಂಕ್. ಎರಡು ಕ್ಲೌನ್ ಮೀನು, ಒಂದಷ್ಟು ಮೆತ್ತನೆ ಹವಳ, ನಾಲ್ಕೈದು ಗಟ್ಟಿ ಹವಳ. ನನ್ನ ಹಾಗೇ ಕಲಿಯುತ್ತಿರುವವರಿಗೆ ಈ ಟಿಪ್ಪಣಿ. ಊರಲ್ಲಿರುವವರಿಗೆ ಒಂದು ಮಾತು: ಭಾರತದಲ್ಲಿ ಗಟ್ಟಿ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲ್‌ನಲ್ಲಿವೆ. ನೇತ್ರಾಣಿಗೆ ಡೈವಿಂಗ್ ಹೋದಾಗ ಚಂದ ಕಂಡಿತು ಅಂತ ಒಂದು ಚೂರು ಮುರಿದು ತರುವ ಹಾಗಿಲ್ಲ.

ಮೊದಲು ಟೆಸ್ಟ್ ಕಿಟ್ ಮಾಡುವ ಮೋಸ ನೋಡೋಣ. ಕಲ್ಲಿನ ತುಂಬ ಹಸಿರು ಕೂದಲು, ಆದರೆ ಪಾಚಿಯ ಆಹಾರವಾದ ಫಾಸ್ಫೇಟ್ ಅಳೆದರೆ 0.00. ಕಿಟ್ ಹಾಳಾಗಿದೆ ಅಂದುಕೊಂಡು ಹೊಸದು ತಂದೆ. ಅದರಲ್ಲೂ ಸೊನ್ನೆ. ಕಿಟ್ ಅಳೆಯುವುದು ನೀರಿನಲ್ಲಿ ಉಳಿದದ್ದನ್ನು ಮಾತ್ರ. ಪಾಚಿ ಆಗಲೇ ತಿಂದು ಮುಗಿಸಿದ್ದು ಅದರ ಲೆಕ್ಕಕ್ಕೆ ಬರುವುದಿಲ್ಲ. ಪಾತ್ರೆ ಖಾಲಿ ಇದೆ ಅಂದರೆ ಅಡುಗೆಯೇ ಮಾಡಿಲ್ಲ ಅಂತ ಅರ್ಥವಲ್ಲ. ಎಲ್ಲರೂ ಉಂಡು ಎದ್ದಿರಬಹುದು, ಅಲ್ವಾ?

ಹಾಗಾದರೆ ಇನ್ನಷ್ಟು ಉಪವಾಸ ಕೆಡವಿದರೆ ಪಾಚಿ ಸಾಯುತ್ತದಲ್ಲ ಅನ್ನಿಸುತ್ತದೆ. ನಾನು ಎಡವಿದ್ದು ಇಲ್ಲೇ. ಎಲ್ಲರೂ ಹೇಳುವ ರೆಡ್‌ಫೀಲ್ಡ್ ಅನುಪಾತ ಇದೆಯಲ್ಲ, ಇಂಗಾಲ 106, ಸಾರಜನಕ 16, ರಂಜಕ 1, ಅದು ಕಡಲ ಪ್ಲಾಂಕ್ಟನ್‌ನದು, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳದು. ಅದೂ ಪರಮಾಣುಗಳ ಎಣಿಕೆ. ಕಿಟ್ ತೋರಿಸುವ ನೈಟ್ರೇಟ್, ಫಾಸ್ಫೇಟ್ ಪಿಪಿಎಂಗೆ (ಹತ್ತು ಲಕ್ಷಕ್ಕೆ ಎಷ್ಟು ಪಾಲು ತೂಕ ಅನ್ನುವ ಅಳತೆ) ತಂದರೆ ಅದು ಹೆಚ್ಚುಕಡಿಮೆ 10:1 ಆಗುತ್ತದೆ. 16ನ್ನು ನೇರ ಕಿಟ್ಟಿನ ಅಂಕಿಗೆ ಹೋಲಿಸಬೇಡಿ. ಇನ್ನು, ಕಲ್ಲಿಗೆ ಅಂಟಿ ಬೆಳೆಯುವ ಪಾಚಿಯ ಮೈಯೇ ಬೇರೆ. 1983ರಲ್ಲಿ ಅಟ್ಕಿನ್ಸನ್ ಮತ್ತು ಸ್ಮಿತ್ ಕಡಲ ಪಾಚಿ, ಕಡಲ ಹುಲ್ಲುಗಳ ಲೆಕ್ಕ ಹಾಕಿದಾಗ ಬಂದದ್ದು 550:30:1. ಅಂದರೆ ಅಷ್ಟೇ ರಂಜಕ ಸಿಕ್ಕರೂ ಇವು ಪ್ಲಾಂಕ್ಟನ್‌ಗಿಂತ ಐದು ಪಟ್ಟು ಇಂಗಾಲ ಕೂಡಿಸಿಕೊಂಡು ಮೈ ಬೆಳೆಸುತ್ತವೆ. ಇಂಥದ್ದರ ಜೊತೆ ಉಪವಾಸದ ಪಂದ್ಯ ಕಟ್ಟಿದರೆ ಮೊದಲು ಬಡವಾಗುವುದು ನಮ್ಮ ಹವಳ.

ನಾನು ಮಾಡಿದ್ದು ಹೀಗೆ. ಫಾಸ್ಫೇಟ್ ಹೀರುವ ಜಿಎಫ್‌ಒ ಅಂತ ಕಬ್ಬಿಣದ ಕಂದು ಹರಳು ಬರುತ್ತದೆ. ಡಬ್ಬದ ಮೇಲೆ ಬರೆದದ್ದಕ್ಕಿಂತ ಎರಡು ಪಾಲು ಹಾಕಿದೆ. ಹಸಿರು ಕೂದಲು ಕಡಿಮೆಯಾಯಿತು, ನಿಜ. ಮೂರು ವಾರಕ್ಕೆ ಮರಳಿನ ಮೇಲೆ ಮೂಗಿನ ಸಿಂಬಳದ ಹಾಗೆ ಕಂದು ಲೋಳೆ, ಅದರ ತುದಿಗೆಲ್ಲ ಗಾಳಿಗುಳ್ಳೆ. ಬೆಳಿಗ್ಗೆ ಕಡಿಮೆ, ಸಂಜೆಯ ಹೊತ್ತಿಗೆ ಬಲೆ ಬಲೆ. ಒಂದು ವಾರದಲ್ಲಿ ಆರು ಬಸವನಹುಳು ಸತ್ತವು. ಅಂಗಡಿಯವನನ್ನು ಕೇಳಿದರೆ "ಡಯಾಟಮ್, ಸುಮ್ನೆ ಬಿಡಿ, ಹೋಗುತ್ತೆ" ಅಂದ. ಹೋಗಲಿಲ್ಲ.

ಡಯಾಟಮ್ ಅನ್ನುವ ಕಂದು ಪುಡಿಯಂಥ ಪಾಚಿಗೂ ಇದಕ್ಕೂ ವ್ಯತ್ಯಾಸ ತಿಳಿಯಲು ಒಂದು ಸುಲಭದ ಪರೀಕ್ಷೆ ಇದೆ. ಸಣ್ಣ ಬಾಟಲಿಗೆ ಆ ಲೋಳೆಯನ್ನು ಟ್ಯಾಂಕ್ ನೀರಿನ ಜೊತೆ ಎಳೆದುಕೊಳ್ಳಿ. ಮುಚ್ಚಳ ಹಾಕಿ ಚೆನ್ನಾಗಿ ಕುಲುಕಿ. ಪೇಪರ್ ಟವೆಲ್‌ನಲ್ಲಿ ಇನ್ನೊಂದು ಲೋಟಕ್ಕೆ ಸೋಸಿ. ಸೋಸಿದ ನೀರು ತಿಳಿಯಾಗೇ ಕಾಣುತ್ತದೆ. ಅದನ್ನು ಟ್ಯಾಂಕ್ ಲೈಟಿನ ಕೆಳಗೆ ಇಟ್ಟು ಒಂದು ಗಂಟೆ ಬಿಟ್ಟು ಬನ್ನಿ. ನನ್ನ ಲೋಟದಲ್ಲಿ ಕಂದು ಎಳೆಗಳು ಮತ್ತೆ ಕೂಡಿಕೊಂಡು, ಹಾಲಿನ ಕೆನೆ ಸುಕ್ಕುಗಟ್ಟಿದ ಹಾಗೆ ತೇಲುತ್ತಿದ್ದವು. ಮೈ ಜುಂ ಅಂದಿತು. ಹೀಗೆ ಮತ್ತೆ ಕೂಡಿಕೊಂಡರೆ ಅದು ಬಹುತೇಕ ಡೈನೋಫ್ಲಾಜೆಲೇಟ್ ಅನ್ನುವ ಏಕಕೋಶದ ಸೂಕ್ಷ್ಮಜೀವಿ, ನಾವು ಡೈನೋ ಅನ್ನುವುದು. ಖಚಿತವಾಗಬೇಕಾದರೆ ಮೈಕ್ರೋಸ್ಕೋಪ್ ಬೇಕು. ದುಬಾರಿಯದ್ದೇನೂ ಬೇಡ, ಮನು ಪ್ರಕಾಶ್ ಅವರ ತಂಡ ಮಾಡಿದ ಕಾಗದದ ಫೋಲ್ಡ್‌ಸ್ಕೋಪ್‌ನಲ್ಲೇ ನಾನು ನೋಡಿದೆ. ಎಳ್ಳಿನ ಕಾಳಿನ ಆಕಾರದವು, ಚೂಪು ತುದಿಗೆ ದಾರ ಕಟ್ಟಿದ ಹಾಗೆ ಒಂದೇ ಕಡೆ ಗಿರಗಿರ ಸುತ್ತುತ್ತಿದ್ದವು. ಅದು ಆಸ್ಟ್ರಿಯಾಪ್ಸಿಸ್. ಇದು ವಿಷ ಬಿಡುತ್ತದೆ, ನನ್ನ ಬಸವನಹುಳುಗಳು ಸತ್ತದ್ದು ಅದಕ್ಕೇ ಇರಬೇಕು.

ಹೆಸರು ಗೊತ್ತಾದರೆ ಏನು ಲಾಭ? ಆಸ್ಟ್ರಿಯಾಪ್ಸಿಸ್ ರಾತ್ರಿ ಮರಳು ಬಿಟ್ಟು ನೀರಿಗೆ ಏಳುತ್ತದೆ. ಹಾಗಾಗಿ ಯುವಿ ದೀಪದೊಳಗೆ ನೀರು ಹಾಯಿಸಿದರೆ ಸಿಕ್ಕಿಬೀಳುತ್ತದೆ. ಆಂಫಿಡಿನಿಯಮ್ ಅನ್ನುವ ಇನ್ನೊಂದು ಜಾತಿ ಮರಳಿನಲ್ಲೇ ಅಡಗಿ ಕೂರುತ್ತದೆ. ಅದಕ್ಕೆ ಯುವಿ ಹಾಕಿದರೆ ದುಡ್ಡು ದಂಡ. ನಾನು ಜಿಎಫ್‌ಒ ಪೂರ್ತಿ ತೆಗೆದೆ, ಯುವಿ ಹಾಕಿದೆ, ಮೀನಿಗೆ ಊಟ ಜಾಸ್ತಿ ಮಾಡಿದೆ. ಸಾಲದ್ದಕ್ಕೆ ಸೋಡಿಯಂ ನೈಟ್ರೇಟ್ ಹನಿ ಹನಿ ಹಾಕಿ ನೈಟ್ರೇಟ್ 5ಕ್ಕೆ, ಫಾಸ್ಫೇಟ್ 0.05ರ ಮೇಲಕ್ಕೆ ತಂದೆ. ಪಾಚಿ ಓಡಿಸಲು ನೀರಿಗೆ ಗೊಬ್ಬರ ಹಾಕುವುದು! ಆದರೆ ಸೊನ್ನೆ ನೀರಿನಲ್ಲಿ ಡೈನೋಗೆ ಎದುರಾಳಿಗಳೇ ಇರುವುದಿಲ್ಲ. ಗದ್ದೆ ಪಾಳು ಬಿಟ್ಟರೆ ಮೊದಲು ಬರುವುದು ಮುಳ್ಳು ತಾನೇ?

ಉಳಿದವನ್ನು ಬೇಗ ಮುಗಿಸುತ್ತೇನೆ. ಹೊಸ ಟ್ಯಾಂಕಿನ ಮೊದಲ ತಿಂಗಳುಗಳಲ್ಲಿ ಬರುವ ಕಂದು ಪುಡಿ ಡಯಾಟಮ್. ಅದಕ್ಕೆ ಬೇಕಾದದ್ದು ಸಿಲಿಕೇಟ್, ಅದು ತೀರಿದರೆ ತಾನಾಗೇ ಹೋಗುತ್ತದೆ. ಕೆಂಪು ವೆಲ್ವೆಟ್ ಹಾಸಿದ ಹಾಗಿದ್ದು, ಪೈಪ್‌ನಲ್ಲಿ ಎಳೆದರೆ ಹಾಳೆಯಾಗಿ ಎದ್ದುಬರುವುದು ಸಯನೋಬ್ಯಾಕ್ಟೀರಿಯ. ಅದು ಪಾಚಿಯೇ ಅಲ್ಲ, ಬ್ಯಾಕ್ಟೀರಿಯ. ನೀರಿನ ಓಟ ಕಡಿಮೆ ಇರುವ ಮೂಲೆ ಹುಡುಕಿ, ಪಂಪ್ ಅತ್ತ ತಿರುಗಿಸಿ. ಹಸಿರು ಗಾಜಿನ ಗೋಲಿಯ ಥರದ್ದು ವಲೋನಿಯ. ಒಂದೊಂದು ಗೋಲಿಯೂ ಒಂದೇ ಜೀವಕೋಶ! ಒಡೆಯದ ಹಾಗೆ ಬುಡದಿಂದ ಎಬ್ಬಿಸಿ. ಎಮರಾಲ್ಡ್ ಏಡಿ ಕೆಲವೊಮ್ಮೆ ತಿನ್ನುತ್ತದೆ, ಕೆಲವೊಮ್ಮೆ ಸುಮ್ನೆ ಕೂತು ನೋಡುತ್ತದೆ.

ಹಸಿರು ಕೂದಲಲ್ಲೂ ಎರಡು ಬಗೆ. ಎಳೆ ನೆಟ್ಟಗೆ ಇದ್ದರೆ ಸಾಮಾನ್ಯ ಕೂದಲು ಪಾಚಿ, ಟರ್ಬೋ ಬಸವನಹುಳು ಮೇಯುತ್ತದೆ. ಎಳೆಯ ಎರಡೂ ಕಡೆ ಹಕ್ಕಿಯ ಗರಿಯ ಹಾಗೆ ಕವಲಿದ್ದರೆ ಬ್ರಯಾಪ್ಸಿಸ್. ಅದನ್ನು ಮುಟ್ಟುವ ಪ್ರಾಣಿ ಕಡಿಮೆ. ಅದಕ್ಕೆ ಹವ್ಯಾಸಿಗಳು ಕಂಡುಕೊಂಡ ಮದ್ದು ಫ್ಲೂಕೊನಜೋಲ್, ಹೌದು, ಶಿಲೀಂಧ್ರದ ಸೋಂಕಿಗೆ ಕೊಡುವ ಅದೇ ಔಷಧ. ಲೀಟರಿಗೆ ಸುಮಾರು 5 ಮಿಲಿಗ್ರಾಂ ಲೆಕ್ಕ. ಫಿಲ್ಟರಿನಲ್ಲಿರುವ ಕಾರ್ಬನ್ (ಇದ್ದಿಲು) ತೆಗೆದಿರಬೇಕು, ಇಲ್ಲದಿದ್ದರೆ ಅದೇ ಹೀರಿಬಿಡುತ್ತದೆ. ಡೈನೋಗೂ ಸಯನೋಗೂ ಇದು ಕೆಲಸಕ್ಕೆ ಬಾರದು.

ಮೇಯುವವರ ಬಗ್ಗೆ ಸ್ವಲ್ಪ ನಿಲ್ಲಬೇಕು. 1983-84ರಲ್ಲಿ ಕೆರಿಬಿಯನ್ ಕಡಲಲ್ಲಿ ಡಯಡೀಮ ಅನ್ನುವ ಕಪ್ಪು ಉದ್ದಮುಳ್ಳಿನ ಅರ್ಚಿನ್‌ಗಳು, ಅಂದರೆ ಪಾಚಿ ಮೇಯುವ ಕಡಲ ಪ್ರಾಣಿಗಳು, ರೋಗ ಬಂದು ಸಾಮೂಹಿಕವಾಗಿ ಸತ್ತವು. ಜಮೈಕಾದಲ್ಲಿ ಮೀನುಗಳನ್ನು ಅದಕ್ಕೂ ಮೊದಲೇ ಹಿಡಿದು ಖಾಲಿ ಮಾಡಿಯಾಗಿತ್ತು. ಚಂಡಮಾರುತಗಳು ಹವಳ ಮುರಿದಿದ್ದವು. ಮೇಯಲು ಯಾರೂ ಉಳಿಯಲಿಲ್ಲ. 1970ರ ದಶಕದ ಕೊನೆಯಲ್ಲಿ ಅಲ್ಲಿನ ಬಂಡೆಗಳ ಮೇಲೆ ಹವಳ 52%, ಪಾಚಿ 4% ಇತ್ತು. 1990ರ ದಶಕದ ಆರಂಭಕ್ಕೆ ಹವಳ 3%, ಪಾಚಿ 92%. ಇದನ್ನು ಓದಿದ ಮೇಲೆ ನಾನು ಬಾಟಲಿ ಮದ್ದಿನ ದುಡ್ಡನ್ನು ಬಸವನಹುಳುವಿಗೆ ಹಾಕುತ್ತಿದ್ದೇನೆ. ಆದರೆ ಮೂರಿಂಚಿನ ಕೂದಲನ್ನು ಅವುಗಳ ಮುಂದಿಟ್ಟು ಮೇಯಿರಿ ಅಂದರೆ ಆಗದು. ಮೊದಲು ನೀವು ಕೈಯಿಂದ ಕಿತ್ತು, ಟೂತ್ ಬ್ರಶ್‌ನಲ್ಲಿ ಉಜ್ಜಿ, ಮೋಟು ಮಾಡಿಕೊಡಬೇಕು. ಕಿತ್ತದ್ದು ನೀರಿನಲ್ಲಿ ತೇಲಲು ಬಿಡಬೇಡಿ, ಅದು ಇನ್ನೊಂದು ಕಲ್ಲಿಗೆ ಹೋಗಿ ಕೂರುತ್ತದೆ.

ಗೊಬ್ಬರ ಒಳಗೆ ಬರುವ ದಾರಿಗಳೂ ಇವೆ. ಇಲ್ಲಿನ ಎಷ್ಟೋ ಊರುಗಳಲ್ಲಿ ಸೀಸದ ಪೈಪ್ ಕರಗದಿರಲಿ ಅಂತ ನಲ್ಲಿ ನೀರಿಗೇ ಫಾಸ್ಫೇಟ್ ಸೇರಿಸುತ್ತಾರೆ. ಬೆಂಗಳೂರಿನ ಮನೆಯ ಕುಡಿಯುವ ನೀರಿನ ಆರ್‌ಒ ಕೂಡ ಇದಕ್ಕೆ ಸಾಲದು, ರುಚಿಗಾಗಿ ಅದರಲ್ಲಿ ಒಂದಷ್ಟು ಟಿಡಿಎಸ್ (ಕರಗಿದ ಲವಣಾಂಶ) ಉಳಿಸಿರುತ್ತಾರೆ. ಆರ್‌ಒ ನಂತರ ಉಳಿದ ಲವಣ ಹೀರುವ ಡಿಐ ರೆಸಿನ್ ಇದ್ದು, ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು. ಸೊನ್ನೆ ಬೇಕಾಗಿರುವುದು ಇಲ್ಲಿ, ಟ್ಯಾಂಕಿನೊಳಗಲ್ಲ. ಹಳೆಯ ಒಣ ಕಲ್ಲನ್ನು ಅಗ್ಗಕ್ಕೆ ಕೊಂಡರೆ ಅದರೊಳಗೆ ಕೂತ ಫಾಸ್ಫೇಟ್ ತಿಂಗಳುಗಟ್ಟಲೆ ಸೋರುತ್ತದೆ. ನನ್ನ ಹಸಿರು ಕೂದಲಿನ ಮೂಲ ಅದೇ ಆಗಿತ್ತು.

ಈಗ ಸುಣ್ಣ. ರೀಫ್ ಸಾಕುವವರು ಕಾಲ್ಕ್‌ವಾಸರ್ ಅಂತ ಜರ್ಮನ್ ಹೆಸರಿನಲ್ಲಿ ಕರೆಯುವುದು ನಮ್ಮ ಸುಣ್ಣದ ತಿಳಿನೀರನ್ನೇ. ಹವಳಕ್ಕೆ ಕ್ಯಾಲ್ಸಿಯಂ ಕೊಡುತ್ತದೆ, ಪಿಎಚ್ ಏರಿಸುತ್ತದೆ, ಅಲ್ಪಸ್ವಲ್ಪ ಫಾಸ್ಫೇಟನ್ನೂ ತಳಕ್ಕೆ ಕೂರಿಸುತ್ತದೆ. ತಿಳಿಯ ಪಿಎಚ್ 12ರ ಮೇಲಿರುತ್ತದೆ, ಹಾಗಾಗಿ ಆವಿಯಾದ ನೀರಿನ ಬದಲು ರಾತ್ರಿಯಿಡೀ ಹನಿ ಹನಿಯಾಗಿ ಬಿಡಬೇಕು. ಒಮ್ಮೆಗೇ ಸುರಿದರೆ ಮೀನು ಉಳಿಯುವುದಿಲ್ಲ. ವೀಳ್ಯದೆಲೆಯ ಸುಣ್ಣದ ಡಬ್ಬಿ ತಂದು ಹಾಕಬೇಡಿ, ಅಕ್ವೇರಿಯಂಗೆ ಅಂತಲೇ ಶುದ್ಧವಾದದ್ದು ಸಿಗುತ್ತದೆ. ಅಮ್ಮನಿಗೆ ಇದನ್ನೆಲ್ಲ ವಿವರಿಸಿ ಹೇಳಿದೆ. "ನಾನೂ ಒಂಚೂರು ಅಂತಲೇ ಅಲ್ವೇನೋ ಹೇಳಿದ್ದು" ಅಂದಳು.